ರತ್ನಂ ದೋಣಿಯ ಮೆರುಗು

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಸೋರುತ್ತಿದ್ದ ನೀರಿನ ಟ್ಯಾಂಕಿಗೆ ತೇಪೆ ಹಾಕಿದರು. ಫೈಬರ್ ಬಟ್ಟೆ ಹಾಸಿ ಅದರ ಮೇಲೆ ರಾಳ ಬಳಿಯುವ ಕೆಲಸ. ಆ ರಾಳದ ವಾಸನೆ ನಿಮಗೆ ಗೊತ್ತಿದ್ದರೆ ಸರಿ. ಗೊತ್ತಿಲ್ಲದಿದ್ದರೆ ಉಗುರುಬಣ್ಣದ ಸೀಸೆಯನ್ನೂ ಸೀಮೆಎಣ್ಣೆಯ ಡಬ್ಬಿಯನ್ನೂ ಒಟ್ಟಿಗೆ ಮೂಗಿಗೆ ಹಿಡಿದಂತೆ ಎಂದುಕೊಳ್ಳಿ. ವಿಶಾಖಪಟ್ಟಣದ ಮಧುರವಾಡದಲ್ಲಿರುವ ನಮ್ಮ ಕಟ್ಟಡದ ಆರೂ ಮಹಡಿಗಳಲ್ಲಿ ಜನ ದಡಬಡ ಕಿಟಕಿ ಮುಚ್ಚಿಕೊಂಡರು. ವಾಟ್ಸಾಪ್ ಗುಂಪಿನಲ್ಲಿ ತಲೆನೋವು, ಉಬ್ಬಸ, ಕಮಿಟಿಯವರ ಬೇಜವಾಬ್ದಾರಿ ಎಲ್ಲದರ ಬಗ್ಗೆಯೂ ದೂರು ಬಂದವು. ನಾನೊಬ್ಬಳು ಅಡುಗೆಮನೆಯ ಕಿಟಕಿಯನ್ನು ಪೂರ್ತಿ ತೆರೆದು, ಸರಳಿಗೆ ಮೂಗು ಹಚ್ಚಿ ನಿಂತುಬಿಟ್ಟೆ. ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ.

ದೋಣಿಗೆ ಬಳಿಯುವ ರಾಳದ ವಾಸನೆಗೆ ಹೀಗೆ ಮರುಳಾಗುವಂಥ ಹೆಂಗಸು ನಾನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನಾನು ನವಲಗುಂದದ ಕಡೆಯವಳು. ನಮ್ಮ ಊರಿನಲ್ಲಿ ನೀರೆಂದರೆ ಕೆರೆಯಿಂದ ಹೊತ್ತು ತರುವ ವಸ್ತು. ಒಂದು ಕೊಡ, ಎರಡು ಕೊಡ ಎಂದು ಅಳೆಯುವಂಥದ್ದು. ಕಪ್ಪು ಮಣ್ಣಿನ ಅಂಥ ಬಯಲಿನಲ್ಲಿ ಹುಟ್ಟಿದ ಹುಡುಗನೊಬ್ಬ ನೌಕಾಪಡೆ ಸೇರಿದ್ದೇ ಒಂದು ಸೋಜಿಗ. ಅವರನ್ನೇ ಮದುವೆಯಾಗಿ ನಾನು ವಿಶಾಖಪಟ್ಟಣಕ್ಕೆ ಬಂದಿಳಿದದ್ದು ಇನ್ನೊಂದು. ಬಂದ ಮೊದಲ ಭಾನುವಾರ ನಮ್ಮವರು ನನ್ನನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಅಷ್ಟೊಂದು ನೀರು ಯಾರ ಅಂಕೆಯೂ ಇಲ್ಲದೆ ಎದ್ದು ಬರುವುದನ್ನು ಕಂಡು ನಾನು ಅದಕ್ಕೆ ಬೆನ್ನು ಮಾಡಿ ಕೂತು, ರಸ್ತೆಯ ಮೇಲಿನ ಬಸ್ಸುಗಳನ್ನು ನೋಡುತ್ತ ಕಡಲೆ ತಿಂದೆ. ಎರಡು ವರ್ಷ ಪಾದ ಸಹ ತೋಯಿಸಲಿಲ್ಲ. "ನೀ ನೇವಿಯವನ ಹೇಣ್ತಿ ಅಂತ ಯಾರ ಮುಂದೂ ಹೇಳಬ್ಯಾಡ" ಎಂದು ಅವರು ನಗುತ್ತಿದ್ದರು.

ನಗು ಎಂದೆನಲ್ಲ, ಅದೂ ಅಪರೂಪವೇ. ನಮ್ಮವರು ಮಾತು ಕಡಿಮೆಯ ಮನುಷ್ಯ. ಹಡಗಿನ ಒಡಲು ರಿಪೇರಿ ಮಾಡುವ ವಿಭಾಗದಲ್ಲಿ ಅವರ ಕೆಲಸ. ಮರ, ತಗಡು, ಫೈಬರ್ ಯಾವುದೇ ಇರಲಿ, ಬಿರುಕು ಬಿಟ್ಟಿದ್ದನ್ನು ಕೂಡಿಸುವುದು. ಆರಾರು ತಿಂಗಳು ಹಡಗಿನಲ್ಲಿ ಹೋಗಿ ಬಂದರೂ "ಏನ್ ನೋಡಿ ಬಂದ್ರಿ?" ಎಂದು ಕೇಳಿದರೆ "ನೀರು" ಎನ್ನುವ ಪೈಕಿ.

ಅವರ ಜತೆಗೇ ಅದೇ ಕೆಲಸದಲ್ಲಿದ್ದವರು ರತ್ನಂ. ವಿಜಯವಾಡದವರು, ಕೃಷ್ಣಾ ನದಿಯ ದಂಡೆಯ ಮೇಲೇ ಹುಟ್ಟಿ ಬೆಳೆದವರು. ನಮ್ಮವರು ನುಂಗಿಕೊಂಡ ಮಾತನ್ನೆಲ್ಲ ಅವರೊಬ್ಬರೇ ಆಡಿ ಮುಗಿಸುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಅವರದು ನಮ್ಮ ಎದುರು ಮನೆ. ರತ್ನಂ ಅವರ ಹೆಂಡತಿ ಕನಕಮ್ಮ ಮೊದಲ ದಿನವೇ ಬಂದು, ಹೊಸಬಳು ಎಂಬ ಅಕ್ಕರೆಯಿಂದ "ಮೀ ಇಲ್ಲು ಬಾಗುಂದಾ?" ಎಂದು ಕೇಳಿದಳು. ನಿಮ್ಮ ಮನೆ ಚೆನ್ನಾಗಿದೆಯೇ ಎಂದು. ನನಗೆ ತಿಳಿದದ್ದು 'ಇಲ್ಲು' ಒಂದೇ. ಏನೋ ಇಲ್ಲವೇ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ಜೋರಾಗಿ ತಲೆಯಾಡಿಸಿ "ಇಲ್ಲ, ಇಲ್ಲ" ಎಂದೆ. ಪಾಪ, ಹುಡುಗಿಗೆ ಮನೆ ಒಗ್ಗಿಲ್ಲ ಎಂದು ಅವಳು ಗಂಡನಿಗೆ ಹೇಳಿ, ಅವರು ನಮ್ಮವರಿಗೆ ಹೇಳಿ, ಸಂಜೆ ನಮ್ಮವರು ಮುಖ ಸಣ್ಣ ಮಾಡಿಕೊಂಡು ಬಂದರು. "ಮನೀ ಸೇರಲಿಲ್ಲನು?" ಎಂದು ಕೇಳಿದರು. ಆ ರಾತ್ರಿಯ ಊಟವನ್ನು ನಾಲ್ವರೂ ಕೂಡಿ ನಗುತ್ತಲೇ ಮುಗಿಸಿದೆವು.

ಹಾಗೆ ಶುರುವಾದದ್ದು ಇಪ್ಪತ್ತು ವರ್ಷ ನಡೆಯಿತು. ಅವಳ ಗೋಂಗೂರ ಸೊಪ್ಪೂ ನಮ್ಮ ಪುಂಡಿಪಲ್ಲೆಯೂ ಒಂದೇ ಎಂದು ನಾನು, ಅಲ್ಲವೇ ಅಲ್ಲ ಎಂದು ಅವಳು. ನನ್ನ ಮಗಳು ಅರ್ಧ ಬೆಳೆದದ್ದು ಅವಳ ಮನೆಯಲ್ಲಿ. ಅದರ ಫಲವಾಗಿ ಇವತ್ತಿಗೂ ಆಕೆ ನನ್ನನ್ನು ಕನ್ನಡದಲ್ಲಿ 'ಅವ್ವಾ' ಎಂದು ಕರೆದು, ಜಗಳವನ್ನು ತೆಲುಗಿನಲ್ಲಿ ಆಡುತ್ತಾಳೆ. ಗಂಡಸರಿಬ್ಬರು ಮಾತಾಡುತ್ತಿದ್ದದ್ದು ತೆಲುಗು, ಹಡಗಿನ ಹಿಂದಿ ಎಲ್ಲ ಕಲಸಿದ ಒಂದು ಭಾಷೆ. ಅದನ್ನಿಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಆದರೆ ಒಂದು ಪದ ಮಾತ್ರ ಹಾಗೇ ಇರಲಿ. ರತ್ನಂ ನಮ್ಮವರನ್ನು "ಒರೇಯ್ ಪಾಟೀಲೂ" ಎಂದು ಕರೆಯುತ್ತಿದ್ದರು. ಒರೇಯ್ ಎಂದರೆ ನಮ್ಮ 'ಏ ಲೇ' ಇದ್ದ ಹಾಗೆ. ಅತೀ ಹತ್ತಿರದವರಿಗಷ್ಟೇ ಆ ಸಲಿಗೆ.

ಇಬ್ಬರೂ ಆಚೀಚೆಯಾಗಿ ನಿವೃತ್ತರಾದರು. ನಾವು ಇಲ್ಲೇ ಉಳಿದೆವು. ದೋಣಿಗಳನ್ನು ತಪಾಸಣೆ ಮಾಡುವವರೊಬ್ಬರ ಹತ್ತಿರ ನಮ್ಮವರಿಗೆ ಕೆಲಸ ಸಿಕ್ಕಿತು. ರತ್ನಂ ತಮ್ಮ ಊರಿಗೆ ಹೋಗಿ ಹಳೆಯದೊಂದು ಫೈಬರ್ ದೋಣಿ ಕೊಂಡರು. ನವಿಲಿನ ಕತ್ತಿನಂಥ ನೀಲಿ ಬಣ್ಣ, ಎಂಟು ಮಂದಿ ಕೂರುವಷ್ಟು ಜಾಗ. ಊರಿನ ಇಂದ್ರಕೀಲಾದ್ರಿ ಬೆಟ್ಟದ ಮೇಲಿನ ಗುಡಿಯಲ್ಲಿ ಅಮ್ಮನ ದರ್ಶನ ಮುಗಿಸಿ ಕೆಳಗೆ ಬರುವ ಜನರನ್ನು ನದಿಯಲ್ಲಿ ಒಂದು ಸುತ್ತು ತಿರುಗಿಸಿ ತರಬೇಕೆಂಬುದು ಅವರ ಆಸೆ. ಅದಕ್ಕೆ ಪರವಾನಗಿ ಸಿಗಲು, ದೋಣಿ ಗಟ್ಟಿಯಾಗಿದೆ ಎಂದು ಕಸುಬು ಬಲ್ಲವರೊಬ್ಬರು ಬರೆದುಕೊಡಬೇಕಿತ್ತು. "ನನ್ನ ಪಾಟೀಲನೇ ಇದ್ದಾನಲ್ಲ" ಎಂದು ನಮ್ಮನ್ನು ಕರೆಸಿದರು.

ನಾವು ಹೋದಾಗ ದಂಡೆಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಬೀಗರು, ನೆಂಟರು, ಓಣಿಯವರು. ದೋಣಿಯ ಮೂತಿಗೆ ಚೆಂಡುಹೂವಿನ ಮಾಲೆ ಹಾಕಿತ್ತು. ಕನಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಮ್ಮವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಅದರ ಹಿಡಿಕೆಯಿಂದ ದೋಣಿಯ ಮೈಯನ್ನು ತಟ್ಟುತ್ತ ಹೊರಟರು. ಟಣ್, ಟಣ್, ಟಣ್. ಹಿಂದೆ ಎಂಜಿನ್ ಕೂರಿಸುವ ಹಲಗೆಯ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್. ಮತ್ತೊಮ್ಮೆ ತಟ್ಟಿದರು. ಡಬ್. ಎದ್ದು ನಿಂತು, ಅಷ್ಟೂ ಜನರ ಮುಂದೆ, ಎಂದೂ ಎತ್ತರದ ದನಿಯಲ್ಲಿ ಮಾತಾಡದ ನನ್ನ ಗಂಡ ಅಂದು ಮಾತ್ರ ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ಒಳಗಿನ ಕಟ್ಟಿಗೆ ಕೊಳೆತಿದೆ. ಇದರಲ್ಲಿ ನನ್ನ ಮಗಳನ್ನು ನಾನು ಕೂರಿಸುವುದಿಲ್ಲ."

ತಟ್ಟೆಯ ಮೇಲಿನ ಕರ್ಪೂರ ಉರಿದು ಆರಿತು. ರತ್ನಂ ಹೋಗಿ ಹೂವಿನ ಮಾಲೆಯನ್ನು ತಾವೇ ಬಿಚ್ಚಿದರು. ಅದನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ನಮ್ಮವರ ಹತ್ತಿರ ಬಂದು "ತಿನೇಸಿ ವೆಳ್ಳಂಡಿ" ಎಂದರು. ಊಟ ಮಾಡಿಕೊಂಡು ಹೋಗಿರಿ, ಅಷ್ಟೇ. ಅಷ್ಟೇ ಏನು, ಆ ಕೊನೆಯ 'ಅಂಡಿ' ಇತ್ತಲ್ಲ, ಹೊರಗಿನವರಿಗೆ ಕೊಡುವ ಬಹುವಚನ. ಇಪ್ಪತ್ತು ವರ್ಷದ 'ಒರೇಯ್' ಹೋಗಿ 'ಅಂಡಿ' ಬಂದಿತ್ತು. ರೈಲಿನಲ್ಲಿ ವಾಪಸಾಗುವಾಗ ನಮ್ಮವರು ತುಂಬ ಹೊತ್ತು ಕಿಟಕಿಯ ಹೊರಗೆ ನೋಡಿ, ತುನಿ ಸ್ಟೇಷನ್ ದಾಟಿದ ಮೇಲೆ ಒಂದೇ ಮಾತು ಹೇಳಿದರು. "ಅಂವ ನನಗ 'ಅಂಡಿ' ಅಂದ ನೋಡು."

ನಮ್ಮವರು ಹೇಳಿದ್ದು ಸುಳ್ಳಲ್ಲ, ಅದು ನನಗೂ ಗೊತ್ತಿತ್ತು. ಕನಕಮ್ಮನಿಗೂ ಗೊತ್ತಿತ್ತು. ಆದರೂ ಆರು ವರ್ಷ ಆ ಇಬ್ಬರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದೋಣಿಯನ್ನು ಅಂಗಳದ ಬೇವಿನ ಮರದ ಪಕ್ಕದಲ್ಲಿ ಬೋರಲು ಹಾಕಿದರೆಂದೂ, ರತ್ನಂ ಒಂದು ಶಾಲೆಯ ಗೇಟು ಕಾಯುವ ಕೆಲಸಕ್ಕೆ ಸೇರಿದರೆಂದೂ ಸುದ್ದಿ ಬಂತು. ನಾವು ಹೆಂಗಸರು ಯುಗಾದಿಗೆ, ಸಂಕ್ರಾಂತಿಗೆ ಫೋನು ಮಾಡಿ, ಬೆಲ್ಲದ ರೇಟು, ಮಗಳ ಓದು ಎಂದು ಸುತ್ತಲಿನದೆಲ್ಲ ಮಾತಾಡಿ ಇಟ್ಟುಬಿಡುತ್ತಿದ್ದೆವು. ಗಂಡಸರ ಜಗಳಕ್ಕೆ ನಮ್ಮ ಸ್ನೇಹವನ್ನು ಯಾಕೆ ಬಿಟ್ಟುಕೊಟ್ಟೆವೋ ಎಂದು ಈಗ ಕೇಳಿಕೊಳ್ಳುತ್ತೇನೆ. ಅಂದು ಯಾರೂ ಕೇಳಲಿಲ್ಲ.

ಏಳನೆಯ ವರ್ಷದ ಕಾರ್ತಿಕದಲ್ಲಿ, ಯಾವ ಹಬ್ಬವೂ ಅಲ್ಲದ ಒಂದು ಮಧ್ಯಾಹ್ನ, ಕನಕಮ್ಮನ ಫೋನು ಬಂತು.

"ವದಿನಾ" ಎಂದಳು. ಅತ್ತಿಗೆ ಎಂದು. ನಾನು ಏನಾಯಿತು ಎಂದೆ.

"ಅವರ ಕಣ್ಣು ಹೋಗುತ್ತಿದೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆಯಂತೆ. ಹೋದದ್ದು ಮತ್ತೆ ಬರಲ್ಲವಂತೆ. ಈಗ ಬಳೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಅದೂ ಎಷ್ಟು ದಿನವೋ." ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. "ದಿನಾ ಸಂಜೆ ಹೋಗಿ ಆ ದೋಣಿಯ ಹತ್ತಿರ ಕೂರುತ್ತಾರೆ. ಬಿಸಿಲಿಗೆ ಅದರ ಬಣ್ಣವೆಲ್ಲ ಸುಣ್ಣವಾಗಿ ಹೋಗಿದೆ. ಇದು ನೀಲಿಯಿತ್ತಲ್ಲವೇ ಕನಕಂ ಎಂದು ನನ್ನನ್ನು ಕೇಳುತ್ತಾರೆ. ಒಂದು ಸಲ ಅದನ್ನು ಮೊದಲಿನ ಹಾಗೆ ನೋಡಲಿ ವದಿನಾ. ಅನ್ನಯ್ಯನಿಗೆ ಹೇಳುತ್ತೀಯಾ?"

ಅನ್ನಯ್ಯ ಎಂದರೆ ಅಣ್ಣ, ನಮ್ಮವರು. ಅವರು ಊಟ ಮಾಡುತ್ತಿದ್ದರು. ಹೇಳಿದೆ. ಅವರು ತಟ್ಟೆಯಲ್ಲಿದ್ದದ್ದನ್ನು ಮುಗಿಸಿ, ಕೈ ತೊಳೆದು, ಬಾಲ್ಕನಿಗೆ ಹೋಗಿ ನಿಂತರು. ಈ ಮಾತೂ ನೀರುಪಾಲಾಯಿತು ಎಂದುಕೊಂಡು ನಾನು ಪಾತ್ರೆ ತಿಕ್ಕಿದೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಹಾಲ್‌ನಲ್ಲಿ ಚಾಪೆಯ ಮೇಲೆ ಅವರ ಹಳೆಯ ಸಾಮಾನೆಲ್ಲ ಹರಡಿತ್ತು. ಉಳಿ, ಬ್ರಶ್ಶು, ಪಾಲಿಶ್ ಮಷಿನ್ನು, ಉಜ್ಜುವ ಕಾಗದದ ಸುರುಳಿಗಳು.

"ಏನ್ ಮಾಡಾಕತ್ತೀರಿ?" ಎಂದೆ.

"ನಾಳಿನ ರೈಲಿಗೆ ಹೋಗೂಣು" ಎಂದರು. ತಲೆ ಎತ್ತಲಿಲ್ಲ.

ಆ ಸಾಮಾನು ತುಂಬಿದ ಚೀಲದ ಭಾರಕ್ಕೆ ಅನಕಾಪಲ್ಲಿ ಸ್ಟೇಷನ್ ಬರುವುದರೊಳಗೆ ನಮ್ಮ ಎದುರಿನ ಸೀಟಿನವರ ಬುಟ್ಟಿಯೊಂದು ಚಪ್ಪಟೆಯಾಗಿ, ಅದರಲ್ಲಿದ್ದ ಸೀಬೆಹಣ್ಣಿಗೆ ನಾನು ಕ್ಷಮೆ ಕೇಳಿದ್ದು ಬೇರೆಯ ಕತೆ. ವಿಜಯವಾಡದಲ್ಲಿ ಇಳಿದು ಅವರ ಮನೆಯ ಗೇಟು ತೆರೆದಾಗ ರತ್ನಂ ಜಗಲಿಯ ಮೇಲೆ ಕೂತಿದ್ದರು. ತಲೆಯನ್ನು ಅತ್ತ ಇತ್ತ ತಿರುಗಿಸಿ, ಸದ್ದು ಬಂದ ಕಡೆಯ ತುಣುಕನ್ನು ಹುಡುಕುತ್ತ "ಎವರು?" ಎಂದರು. ಯಾರು ಎಂದು. ದಪ್ಪನೆಯ, ನಗುವಿನ ಮನುಷ್ಯ ಅರ್ಧವಾಗಿದ್ದರು.

ಕನಕಮ್ಮ ಬಾಗಿಲಲ್ಲಿ ನಿಂತು, "ವಿಶಾಖದವರು" ಎಂದಳು.

ಈಗ ನಮ್ಮವರು ಹೋಗಿ ಅವರ ಕೈ ಹಿಡಿಯುತ್ತಾರೆ ಎಂದು ನಾನು ಕಾದೆ. ನೀವೂ ಹಾಗೇ ಎಂದುಕೊಂಡಿರಬಹುದು. ಈ ಮಹಾರಾಯರು ಚೀಲ ಕೆಳಗಿಟ್ಟು, ನೆಟ್ಟಗೆ ದೋಣಿಯ ಹತ್ತಿರ ಹೋದರು. ಬೋರಲು ಬಿದ್ದ ಅದರ ಮೈಮೇಲೆ ಅಂಗೈ ಒತ್ತಿ ಎಳೆದರು. ಕೈ ಎತ್ತಿದಾಗ ಗೋಡೆಗೆ ಸುಣ್ಣ ಬಳಿದವನ ಕೈಯಂತೆ ಬೆಳ್ಳಗಾಗಿತ್ತು. ಆಮೇಲೆ ಬಗ್ಗಿ ಹಿಂದಿನ ಹಲಗೆಯ ಹತ್ತಿರ ಕೂತರು.

ಜಗಲಿಯಿಂದ ರತ್ನಂ ಅವರ ದನಿ ಬಂತು. "ಒರೇಯ್ ಪಾಟೀಲೂ. ಮತ್ತೆ ತಟ್ಟಿ ನೋಡುತ್ತೀಯಾ?"

ನಮ್ಮವರು ಕೂತಲ್ಲೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಆಮೇಲೆ, "ನೋಡಬೇಕಾಗುತ್ತದೆ" ಎಂದರು.

ಕೊಳೆತ ಹಲಗೆಯನ್ನು ತೆಗೆದು ಹೊಸ ಪ್ಲೈವುಡ್ ಕೂರಿಸಿ, ಅದರ ಮೇಲೆ ಫೈಬರ್ ಬಟ್ಟೆ ಹಾಕಿ ರಾಳ ಬಳಿಯುವುದಕ್ಕೆ ಹತ್ತು ದಿನ ಹಿಡಿಯಿತು. ಒಳಗಿನ ಕಟ್ಟಿಗೆ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಕೈಗೆ ಬಂತು. ಮನೆಯ ಒಳಗೆ ಹೊರಗೆ ರಾಳದ ವಾಸನೆ. ಕನಕಮ್ಮನ ಬೇಳೆಯ ಪಪ್ಪು ಸಹ ಅದೇ ರುಚಿಯಾಗಿತ್ತು. ಆ ಹತ್ತು ದಿನ ನಾವಿಬ್ಬರೂ ಅಡುಗೆಮನೆಯಲ್ಲಿ ಆರು ವರ್ಷದ ಮಾತು ಆಡಿ ಮುಗಿಸಲು ನೋಡಿದೆವು. ಹೊರಗೆ ಗಂಡಸರು ಮಾತ್ರ ಸಾಮಾನಿನ ಮಾತು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಹಲಗೆ ಕೊಡು, ಇಲ್ಲಿ ಹಿಡಿ, ಸಾಕು. ಇಷ್ಟೇ.

ಆಮೇಲೆ ಮೆರುಗಿನ ಕೆಲಸ ಬಂತು. ನಾನು ಸಿಕ್ಕಿಕೊಂಡದ್ದು ಅದರಲ್ಲೇ.

ಫೈಬರ್ ದೋಣಿಗೆ ನಮ್ಮ ಬಾಗಿಲು ಕಿಟಕಿಯ ಹಾಗೆ ಮೇಲಿನಿಂದ ಬಣ್ಣ ಹೊಡೆದಿರುವುದಿಲ್ಲ. ದೋಣಿಯನ್ನು ಅಚ್ಚಿನಲ್ಲಿ ಮಾಡುವಾಗಲೇ ಎಲ್ಲಕ್ಕೂ ಹೊರಗಿನ ಪದರವಾಗಿ ಬಣ್ಣ ಬೆರೆಸಿದ ಒಂದು ರಾಳ ಹಾಕಿರುತ್ತಾರೆ. ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ದಪ್ಪ ಎಂದರೆ ಉಗುರಿನಷ್ಟೂ ಇಲ್ಲ. ಬಿಸಿಲಿಗೆ ಅದರ ಮೇಲ್ಮೈ ಸತ್ತು ಪುಡಿಯಾಗುತ್ತದೆ. ಬಣ್ಣ ಹೋಗಿದೆ ಎಂದು ನಮಗೆ ಅನಿಸುತ್ತದೆ. ಹೋಗಿರುವುದಿಲ್ಲ, ಆ ಸತ್ತ ಪುಡಿಯ ಕೆಳಗೆ ಹಾಗೇ ಇರುತ್ತದೆ. ಪುಡಿಯನ್ನಷ್ಟೇ ತೆಗೆಯಬೇಕು, ಜೀವ ಇರುವುದನ್ನು ಕೆರೆಯಬಾರದು. ಇದೇ ಇಡೀ ವಿದ್ಯೆ. ಇದನ್ನು ನಮ್ಮವರು ನನಗೆ ಒಂದೇ ಉಸಿರಿಗೆ ಹೇಳಿದರು. ನಮ್ಮ ದಾಂಪತ್ಯದಲ್ಲಿ ಅವರು ಒಮ್ಮೆಲೇ ಆಡಿದ ಅತಿ ದೀರ್ಘ ಮಾತು ಅದೇ ಇರಬೇಕು.

ಅವರ ಬಲ ಭುಜ ಹಿಡಿದುಕೊಂಡಿತ್ತು. ಹಾಗಾಗಿ "ನೀನೂ ಬಾ" ಎಂದರು. ಮೊದಲು ಸಾಬೂನು ನೀರಿನಿಂದ ತೊಳೆದೆವು. ನಾನು ಮನೆಯಲ್ಲಿ ಹಿತ್ತಾಳೆ ದೀಪ ತಿಕ್ಕುವ ಅನುಭವಸ್ಥೆ ಎಂಬ ಗತ್ತಿನಲ್ಲಿ "ಹುಣಸೀಹಣ್ಣು ಹಚ್ಚೂಣೇನ್ರಿ?" ಎಂದು ಸಲಹೆ ಕೊಟ್ಟೆ. ಅವರು ಬಕೆಟ್ಟಿಗೆ ಇನ್ನೊಂದಿಷ್ಟು ಸಾಬೂನು ಹಾಕಿದರು. "ಕಾಂಪೌಂಡ್ ತಗೊಂಬಾ" ಎಂದಾಗ ಕಾಂಪೌಂಡ್ ಗೋಡೆಯನ್ನು ಹೇಗೆ ತರಲಿ ಎಂದು ನಾನು ಗೇಟಿನ ಕಡೆ ನೋಡಿದ್ದನ್ನು ಕಂಡು, ತಾವೇ ಎದ್ದು ಹೋಗಿ ಉಜ್ಜುವ ಮುಲಾಮಿನ ಡಬ್ಬಿ ತಂದರು. ಅದನ್ನು ಹಚ್ಚುವುದು ಆಮೇಲಿನ ಹಂತ. ಮೊದಲಿಗೆ ವಾಟರ್ ಪೇಪರ್ ಎಂಬ ಕಪ್ಪು ಕಾಗದ. ನೀರಲ್ಲಿ ನೆನೆಸಿ ಉಜ್ಜಬೇಕು; ಒರಟಿನಿಂದ ನುಣುಪಿಗೆ, ಒಂದಾದ ಮೇಲೊಂದು ನಾಲ್ಕು ಥರದ ಕಾಗದ. ಬೆಳಗಿನ ಹೊತ್ತು ಬೇವಿನ ನೆರಳು ದೋಣಿಯ ಮೇಲೆ ಇರುವವರೆಗೆ ಮಾತ್ರ ಕೆಲಸ. ಒಂದು ಮೊಳ ಜಾಗ ಮುಗಿಯಲು ಒಂದು ತಾಸು. ಹಾಲಿನಂಥ ನೀರು ಮೊಣಕೈಯಿಂದ ಇಳಿದು ಸೀರೆಯನ್ನೆಲ್ಲ ತೋಯಿಸುತ್ತಿತ್ತು.

ಎರಡನೆಯ ದಿನ ರತ್ನಂ ಜಗಲಿಯಿಂದ ಎದ್ದು, ಗೋಡೆ ಹಿಡಿದು, ನಾವಿದ್ದಲ್ಲಿಗೆ ಬಂದರು. ನಮ್ಮವರು ಮುಗಿದಿದೆ ಎಂದು ಬಿಟ್ಟ ಜಾಗದ ಮೇಲೆ ಅಂಗೈ ಇಟ್ಟರು. ನಿಧಾನವಾಗಿ ಬೆರಳು ಸರಿಸಿದರು.

"ಇಲ್ಲಿ ಇನ್ನೂ ಇದೆ" ಎಂದರು. ನಮ್ಮವರು ಕನ್ನಡಕ ಒರೆಸಿ ಬಗ್ಗಿ ನೋಡಿದರೆ ಹೌದು, ನಾಲ್ಕು ಬೆರಳಗಲ ಮಬ್ಬು ಉಳಿದಿತ್ತು. "ಇಲ್ಲೂ" ಎಂದರು. ಅಲ್ಲೂ ಇತ್ತು.

ಅಂದಿನಿಂದ ಅವರು ನಮ್ಮ ಮೇಸ್ತ್ರಿ. ನಾವು ಉಜ್ಜುವುದು, ಅವರು ಮುಟ್ಟಿ ನೋಡಿ ಪಾಸು ಫೇಲು ಮಾಡುವುದು. ಕಣ್ಣಿಗೆ ಕಾಣದ್ದೆಲ್ಲ ಅವರ ಬೆರಳಿಗೆ ಸಿಗುತ್ತಿತ್ತು. ಕನಕಮ್ಮ ಅಡುಗೆಮನೆಯ ಕಿಟಕಿಯಿಂದ ಇದನ್ನು ನೋಡುತ್ತ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇನ್ನೊಬ್ಬರಿಗೆ ಕೆಲಸ ಹೇಳುವ ದನಿ ಅವರಿಗೆ ಎಷ್ಟೋ ತಿಂಗಳ ಮೇಲೆ ಬಂದಿತ್ತಂತೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾಲ್ಕನೆಯ ದಿನ ಮುಂಭಾಗದ ಎಡಗಡೆ ನನ್ನ ಪಾಲಿಗೆ ಬಂದಿತ್ತು. "ಸಾವಕಾಶ, ಒತ್ತಬ್ಯಾಡ" ಎಂದು ನಮ್ಮವರು ಹೇಳಿದ್ದರು. ನಾನು ಉಜ್ಜುತ್ತ ಉಜ್ಜುತ್ತ ಏನೇನೋ ಯೋಚಿಸುತ್ತಿದ್ದೆ. ಕನಕಮ್ಮನಿಗೆ ಗರ್ಭಕೋಶದ ಆಪರೇಷನ್ ಆದದ್ದು ನನಗೆ ಅಂದಷ್ಟೇ ತಿಳಿದಿತ್ತು. ಎರಡು ವರ್ಷದ ಹಿಂದೆ ಆಗಿತ್ತು, ನನಗೆ ಹೇಳಿರಲಿಲ್ಲ. ಪಕ್ಕದಲ್ಲಿರಬೇಕಾದವಳು ನಾನು. ಎಚ್ಚರಾಗಿ ನೋಡುತ್ತೇನೆ, ನೀಲಿಯೇ ಹೋಗಿ ಕೆಳಗಿನ ಹಳದಿ ನಾರು ಇಣುಕುತ್ತಿದೆ, ಎಂಟಾಣೆಯ ಅಗಲ. ನಾನು ಮಾಡಿದ್ದೇನು ಗೊತ್ತೇ? ಒದ್ದೆ ಬಟ್ಟೆಯನ್ನು ಅದರ ಮೇಲೆ ಹರಡಿ, ಚಹಾ ಮಾಡುತ್ತೇನೆಂದು ಒಳಗೆ ಹೋದೆ. ಐವತ್ತರ ಹತ್ತಿರದ ಹೆಂಗಸು!

ಮರುದಿನ ರತ್ನಂ ಅವರ ಬೆರಳು ಅಲ್ಲಿಗೆ ಬಂತು, ನಿಂತಿತು.

"ಇಲ್ಲಿ ಯಾರೋ ಸಿಟ್ಟಿನಲ್ಲಿ ಉಜ್ಜಿದ್ದಾರೆ" ಎಂದರು.

ನಮ್ಮವರು ನನ್ನ ಮುಖ ನೋಡಿದರು. ಕೈ ತಪ್ಪಿತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ರತ್ನಂ ಅವರ ಮಾತು ಎಷ್ಟು ನಿಜವಾಗಿತ್ತೆಂದರೆ ಸುಳ್ಳು ಬಾಯಿಗೇ ಬರಲಿಲ್ಲ.

"ಹೌದು, ನಾನೇ" ಎಂದೆ. ಯಾವ ಭಾಷೆಯಲ್ಲಿ ಹೇಳಿದೆನೋ ನೆನಪಿಲ್ಲ. "ಸಿಟ್ಟು ಬಂದಿತ್ತು. ನಿಮ್ಮಿಬ್ಬರ ಮೇಲೆ. ಒಂದು ಹಲಗೆಗೋಸ್ಕರ ಆರು ವರ್ಷ. ಕನಕಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಳು, ಒಂದು ಲೋಟ ಗಂಜಿ ಕೊಡೋದಕ್ಕೆ ನಾನಿರಲಿಲ್ಲ. ನಿಮ್ಮ ಮಾನ ನಿಮ್ಮ ನಿಮ್ಮ ಹತ್ತಿರ ಇಟ್ಟುಕೊಂಡಿರಿ. ನಮ್ಮದು ಏನಾಯ್ತು ಅಂತ ಒಬ್ಬರಾದರೂ ಕೇಳಿದಿರೇನು?"

ಕನಕಮ್ಮ ಹೊರಗೆ ಬಂದು ನನ್ನ ಪಕ್ಕ ನಿಂತಳು. ನನ್ನನ್ನು ಸುಮ್ಮನಾಗು ಎನ್ನಲಿಲ್ಲ.

ರತ್ನಂ ದೋಣಿಯ ಮೇಲಿಂದ ಕೈ ತೆಗೆಯದೆ ಹೇಳಿದರು. "ನನಗೆ ಗೊತ್ತಿತ್ತು, ಪಾಟೀಲೂ. ಕೊಂಡ ವಾರವೇ ಗೊತ್ತಾಗಿತ್ತು ಕಟ್ಟಿಗೆ ಹಸಿಯಾಗಿದೆ ಅಂತ. ಒಂದು ವರ್ಷ ಓಡಿಸಿ ಆಮೇಲೆ ಸರಿಮಾಡೋಣ ಅಂದುಕೊಂಡೆ. ನೀನು ಬಂದರೆ ನೋಡಿಯೂ ನೋಡದ ಹಾಗೆ ಇರುತ್ತೀಯ ಅಂದುಕೊಂಡೆ. ಸಿಟ್ಟು ಬಂದದ್ದು ನಿನ್ನ ಮೇಲಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆ ಆದವನು ಹೇಗೆ ಫೋನು ಮಾಡುತ್ತಾನೆ?"

ನಮ್ಮವರ ಬಾಯಿಂದ ಹೊರಟದ್ದು ಅಚ್ಚ ಕನ್ನಡ. "ನಾ ಹೇಳಿದ್ದು ಖರೇ ಇತ್ತು. ಆದ್ರ ಕಿವ್ಯಾಗ ಹೇಳಬೇಕಿತ್ತು, ರತ್ನಂ. ಅಷ್ಟು ಮಂದಿ ಮುಂದ ಹೇಳಬಾರದಿತ್ತು."

ರತ್ನಂ ಅವರಿಗೆ ಕನ್ನಡ ಬರುವುದಿಲ್ಲ. ಅನುವಾದ ಮಾಡಲು ನಾನು ಬಾಯಿ ತೆರೆದೆ. ಅವರು ಬೇಡ ಎಂದು ಕೈಯೆತ್ತಿದರು. ಅರ್ಥವಾಗಿತ್ತು.

ನಾನು ಮಾಡಿದ ಗಾಯಕ್ಕೆ ನಮ್ಮವರು ಬಣ್ಣ ಬೆರೆಸಿದ ರಾಳವನ್ನು ಕಡ್ಡಿಯಲ್ಲಿ ಅದ್ದಿ ತುಂಬಿದರು. ಬಣ್ಣ ಪೂರ್ತಿ ಹೊಂದಲಿಲ್ಲ. ಸಿಡುಬಿನ ಚುಚ್ಚುಮದ್ದಿನ ಗುರುತಿನ ಹಾಗೆ ಇವತ್ತಿಗೂ ಕಾಣುತ್ತದೆ. ಆ ಮೇಲಿನ ಕೆಲಸಕ್ಕೆ ಮಾತೂ ಜತೆಯಾಯಿತು, ಆದ್ದರಿಂದ ಇನ್ನೂ ನಿಧಾನವಾಯಿತು. ಮುಲಾಮು ಹಚ್ಚಿ ಮಷಿನ್ನಿನಿಂದ ಉಜ್ಜಿದಾಗ ಮೊದಲ ಸಲ ನೀಲಿ ಎದ್ದು ಬಂತು. ಕೊನೆಗೆ ಮೇಣ. ಅದನ್ನು ನಾಲ್ವರೂ ಹಳೆಯ ಪಂಚೆಯ ಚಿಂದಿ ಹಿಡಿದು ಹಚ್ಚಿದೆವು. ದೋಣಿಯ ಮೈಯಲ್ಲಿ ಬೇವಿನ ಎಲೆಗಳು ಒಂದೊಂದಾಗಿ ಎಣಿಸುವಂತೆ ಕಾಣತೊಡಗಿದವು.

"ಬಾ, ನೋಡು" ಎಂದು ನಮ್ಮವರು ಕರೆದರು.

ರತ್ನಂ ಹತ್ತಿರ ಬಂದರು. ಹತ್ತಿರದಿಂದ ಅವರಿಗೆ ಕಾಣುವುದು ಒಂದು ಗೇಣು ನೀಲಿ ಮಾತ್ರ. ತಲೆ ತಿರುಗಿಸಿದರೆ ಇನ್ನೊಂದು ಗೇಣು. ಹಾಗೆ ತುಂಡು ತುಂಡು ನೋಡುತ್ತ ಒಂದು ಸುತ್ತು ಬಂದರು. ಆಮೇಲೆ ಇದ್ದಕ್ಕಿದ್ದಂತೆ ಹಿಂದಕ್ಕೆ ನಡೆಯತೊಡಗಿದರು. ಕನಕಮ್ಮ ಓಡಿ ಹೋಗಿ ಬೆನ್ನಿಗೆ ಕೈ ಕೊಟ್ಟಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಜಗಲಿ ದಾಟಿದರು. ಗೇಟು ದಾಟಿದರು. ಓಣಿಗೆ ಇಳಿದು, ಬರುತ್ತಿದ್ದ ಒಂದು ಆಟೋವನ್ನು ತಡೆದು ನಿಲ್ಲಿಸಿ, ಎದುರು ಮನೆಯ ಗೋಡೆಗೆ ಬೆನ್ನು ತಾಗುವವರೆಗೂ ಹಾಗೇ ಹಿಂದಕ್ಕೆ ಹೋದರು. ಅಷ್ಟು ದೂರ ಹೋದ ಮೇಲೆ ಆ ಬಳೆಯಷ್ಟು ಕಿಂಡಿಯೊಳಗೆ ದೋಣಿ ತುದಿಯಿಂದ ತುದಿಗೆ ಹಿಡಿಸಿರಬೇಕು.

"ಪೂರ್ತಿ ಕಾಣುತ್ತಿದೆ" ಎಂದು ಅಲ್ಲಿಂದಲೇ ಕೂಗಿದರು. "ಕನಕಂ, ಪೂರ್ತಿ!"

ಕನಕಮ್ಮ ದೋಣಿಯನ್ನು ನೋಡುತ್ತಿರಲಿಲ್ಲ. ಗಂಡನ ಮುಖವನ್ನು ನೋಡುತ್ತಿದ್ದಳು. ಆಟೋದವನು ಹಾರ್ನು ಹೊಡೆಯದೆ ಕಾದ.

ಮುಂದಿನ ಭಾನುವಾರ ದೋಣಿಯನ್ನು ನೀರಿಗೆ ಇಳಿಸಿದೆವು. ಪಕ್ಕದ ಓಣಿಯ ಮೀನುಗಾರ ಅಪ್ಪಾರಾವು ಹುಟ್ಟು ಹಾಕಲು ಬಂದ. ನಮ್ಮವರು ಎಲ್ಲಿಂದಲೋ ಐದು ಲೈಫ್ ಜಾಕೆಟ್ ತಂದು, ಎಲ್ಲರಿಗೂ ತೊಡಿಸಿ, ಪಟ್ಟಿಗಳನ್ನು ಎಳೆದೆಳೆದು ನೋಡಿ, ಮೊದಲು ನನ್ನನ್ನು ಕೈ ಹಿಡಿದು ಹತ್ತಿಸಿದರು. "ಮಗಳನ್ನು ಕೂರಿಸುವುದಿಲ್ಲ ಎಂದವನು ಹೆಂಡತಿಯನ್ನು ಕೂರಿಸುತ್ತಿದ್ದಾನೆ, ನೋಡಿದೆಯಾ!" ಎಂದು ರತ್ನಂ ನಕ್ಕರು. ಅವರ ಹಳೆಯ, ಎದುರು ಮನೆಗೆ ಕೇಳಿಸುವಂಥ ನಗು. ದೋಣಿ ದಂಡೆ ಬಿಟ್ಟಾಗ ನಾನು ಕನಕಮ್ಮನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳ ಒಂದು ಬಳೆ ಒಡೆಯಿತು. ಮೇಲೆ ಬೆಟ್ಟ, ಬೆಟ್ಟದ ಮೇಲೆ ಅಮ್ಮನ ಗುಡಿ, ಕೆಳಗೆ ಆಳ ಎಷ್ಟೆಂದು ನಾನು ಕೇಳದ ಹಸಿರು ನೀರು. ಅಂದು ಮೊದಲ ಬಾರಿಗೆ ನೀರಿಗೆ ಬೆನ್ನು ಮಾಡದೆ ಕೂತೆ.

ಇದೆಲ್ಲ ಆಗಿ ಮೂರು ವರ್ಷ. ದೋಣಿ ಈಗ ಅಪ್ಪಾರಾವಿನ ಹತ್ತಿರ ಇದೆ. ವರ್ಷಕ್ಕೊಮ್ಮೆ ಮೇಣ ಹಚ್ಚಬೇಕು ಎಂಬ ಕರಾರಿನ ಮೇಲೆ ರತ್ನಂ ಕೊಟ್ಟರು. ಅವರ ಕಣ್ಣಿನ ಆ ಬಳೆ ಸಣ್ಣದಾಗುತ್ತ, ಉಂಗುರವಾಗಿ, ಹೋದ ಬೇಸಿಗೆಯಲ್ಲಿ ಪೂರ್ತಿ ಮುಚ್ಚಿತು.

ಅಂದಿನಿಂದ ದಿನಾ ಸಂಜೆ ಐದೂವರೆಗೆ ಅವರ ಫೋನು ಬರುತ್ತದೆ. "ಒರೇಯ್, ಏನು ಕಾಣುತ್ತಿದೆ?" ಎಂದು ಕೇಳುತ್ತಾರೆ. ನಮ್ಮವರು ಬಾಲ್ಕನಿಗೆ ಹೋಗುತ್ತಾರೆ. ಅಲ್ಲಿಂದ ಎರಡು ಕಟ್ಟಡಗಳ ನಡುವೆ ಒಂದು ಪಟ್ಟಿ ಸಮುದ್ರ ಕಾಣುತ್ತದೆ. ಮೊದಮೊದಲು "ನೀರು" ಎನ್ನುತ್ತಿದ್ದರು. "ನೀರು ಹೇಗಿದೆ?" ಎಂದು ರತ್ನಂ ಬಿಡದೆ ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿ ಈ ಮನುಷ್ಯನಿಗೆ ಮಾತು ಬಂತು. ಬಂದರಿಗೆ ಸರದಿ ಕಾಯುವ ಹಡಗುಗಳು ಎಷ್ಟು, ಅವುಗಳ ಮೂತಿ ಯಾವ ಕಡೆ, ಅದರಿಂದ ಗಾಳಿ ಎತ್ತಲಿಂದ ಎಂದು ಹೇಗೆ ತಿಳಿಯಬೇಕು, ಮೋಡದ ನೆರಳು ನೀರಿನ ಮೇಲೆ ಹೇಗೆ ಓಡುತ್ತದೆ ಎಲ್ಲ ಹೇಳುತ್ತಾರೆ. ಮೊನ್ನೆ, ಹಿಂದೆ ಹಡಗಿನಲ್ಲಿದ್ದಾಗ ಕಂಡ ಒಂದು ಬೆಳಗಿನ ಕತೆ ಹೇಳುತ್ತಿದ್ದರು. ಡೆಕ್ಕಿನ ಮೇಲೆಲ್ಲ ದಾರಿ ತಪ್ಪಿದ ಪುಟ್ಟ ಹಕ್ಕಿಗಳು ಬಂದು ಕೂತಿದ್ದವಂತೆ, ನೂರಾರು. ಹೆಜ್ಜೆ ಇಡಲು ಜಾಗವಿರಲಿಲ್ಲವಂತೆ. ನಾನು ಸೊಪ್ಪು ಬಿಡಿಸುವುದು ನಿಲ್ಲಿಸಿ ಕೇಳಿದೆ. ಮದುವೆಯಾಗಿ ಇಷ್ಟು ವರ್ಷ, ಆ ಹಕ್ಕಿಗಳ ಸುದ್ದಿ ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ಅವರು ಫೋನು ಇಟ್ಟ ಮೇಲೆ ನಾನು ಕುರ್ಚಿ ಎಳೆದುಕೊಂಡು ಹೋಗಿ ಬಾಲ್ಕನಿಯಲ್ಲಿ ಪಕ್ಕದಲ್ಲಿ ಕೂತೆ.

"ಏನ್ ಬೇಕಾಗಿತ್ತು?" ಎಂದರು.

"ಏನ್ ಕಾಣತೈತಿ, ನನಗೂ ಹೇಳ್ರಿ" ಎಂದೆ.

"ನಿನಗ ಕಣ್ಣ ಕಾಣಸ್ತಾವಲ್ಲ."

"ಕಾಣಸ್ತಾವ" ಎಂದೆ. "ಆದ್ರೂ ಹೇಳ್ರಿ."

ಅವರು ಸಮುದ್ರದ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡು, ಎಡಗಡೆಯ ತುದಿಯಿಂದ ಶುರುಮಾಡಿದರು.